ಮನೆಯಂಗಳದ ಹವಾಮಾನ ಕೇಂದ್ರ

ಮಳೆ ಸುರಿದ ಮರುದಿನ ಬೆಳಿಗ್ಗೆ ವಿಜಯಪುರದ ಯಾವುದಾದರೊಂದು ಚಹದಂಗಡಿಯ ಮುಂದೆ ಹತ್ತು ನಿಮಿಷ ನಿಂತವರಿಗೆ ಒಂದು ಸೋಜಿಗ ಕಿವಿಗೆ ಬೀಳುವುದು. ತಿಕೋಟಾದಿಂದ ಬಂದವರು ಹಳ್ಳ ತುಂಬಿ ಹರಿಯಿತೆನ್ನುವರು. ಬಬಲೇಶ್ವರದ ಕಡೆಯವರು ಧೂಳು ಸಹ ಅಡಗಲಿಲ್ಲವೆನ್ನುವರು. ಊರೊಳಗಿನವರು ಗಾಳಿಯೇ ಹೆಚ್ಚು, ಮಳೆ ಕಡಮೆ ಎನ್ನುವರು. ಯಾರೂ ಸುಳ್ಳಾಡುತ್ತಿಲ್ಲ. ನಮ್ಮ ಬಯಲುಸೀಮೆಯ ಮಳೆಯ ಸ್ವಭಾವವೇ ಅಂಥದು. ಒಂದು ಹೊಲವನ್ನು ತೋಯಿಸಿ ಬದುವಿನಾಚೆಯ ಹೊಲವನ್ನು ಹಾಗೆಯೇ ಬಿಟ್ಟುಹೋಗುವುದುಂಟು. ಆದರೆ "ಎಷ್ಟು ಮಳೆಯಾಯಿತು?" ಎಂಬ ಸರಳ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಹೇಳಬಲ್ಲವರು ಆ ಗುಂಪಿನಲ್ಲಿ ಒಬ್ಬರೂ ಇರುವುದಿಲ್ಲ.

ನಾವು ವಾಸವಾಗಿರುವ ಬಡಾವಣೆಗೆ ಜಲನಗರವೆಂದು ಹೆಸರು. ಹೆಸರಿನಲ್ಲಿರುವಷ್ಟು ಜಲವನ್ನು ಆಕಾಶವು ನಮಗೆ ದಯಪಾಲಿಸಿಲ್ಲ. ಸರಾಸರಿಯಲ್ಲಿ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು; ಅದರಲ್ಲಿಯೂ ಸೆಪ್ಟೆಂಬರ್ ತಿಂಗಳೊಂದೇ ದೊಡ್ಡ ಪಾಲನ್ನು ತರುವುದು. ಇಷ್ಟು ಕಡಮೆ ಮಳೆಯ ನಾಡಿನಲ್ಲಿ ಬಿದ್ದ ಪ್ರತಿಯೊಂದು ಹನಿಯ ಲೆಕ್ಕವೂ ಬೇಕು. ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದುದು ೧೮೭೫ರಲ್ಲಿ. ಮರುವರ್ಷವೇ ಮಳೆ ಕೈಕೊಟ್ಟು, ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ನಮ್ಮ ಪ್ರಾಂತವು ೧೮೭೬-೭೮ರ ಘೋರ ಕ್ಷಾಮಕ್ಕೆ ತುತ್ತಾಯಿತು. ೧೯೩೦ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು, ರೋಹತಕ್ ಎಂಬ ಐದು ಸ್ಥಳಗಳನ್ನು ಆರಿಸಿದಾಗ ನಮ್ಮ ಊರು ಅವುಗಳಲ್ಲಿ ಒಂದಾದುದಕ್ಕೆ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗೊಂದರಂತೆ ತಾನಾಗಿಯೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಇದು ಸಣ್ಣ ಸಾಧನೆಯಲ್ಲ. ಆದರೂ ಪಂಚಾಯಿತಿಯ ಮಾಪಕಕ್ಕೂ ನಮ್ಮ ಹೊಲಕ್ಕೂ ನಡುವೆ ಮೂರು ನಾಲ್ಕು ಕಿಲೋಮೀಟರುಗಳಿದ್ದರೆ ಅಲ್ಲಿಯ ಮಳೆ ನಮ್ಮದಲ್ಲ. ಈ ನಡುವಿನ ಜಾಗದಲ್ಲಿಯೇ ಮನೆಯ ಹವಾಮಾನ ಕೇಂದ್ರಕ್ಕೆ ಅವಕಾಶವಿರುವುದು.

ಈಚಿನ ವರ್ಷಗಳಲ್ಲಿ ಇಂಥ ಕೇಂದ್ರಗಳು ಪೆಟ್ಟಿಗೆಯೊಳಗೆ ಸಿದ್ಧವಾಗಿಯೇ ದೊರೆಯುತ್ತವೆ. ಹೊರಗೆ ನಿಲ್ಲಿಸುವ ಒಂದು ಘಟಕ; ಅದರಲ್ಲಿ ಮಳೆ, ಉಷ್ಣತೆ, ಆರ್ದ್ರತೆ, ಗಾಳಿಗಳನ್ನು ಅಳೆಯುವ ಅಂಗಗಳು; ಒಳಗೆ ಗೋಡೆಗೆ ತೂಗುಹಾಕುವ ಒಂದು ಫಲಕ; ಆ ಫಲಕದಿಂದ ಮೊಬೈಲಿಗೆ ಹೋಗುವ ಸುದ್ದಿ. ಬೆಲೆಯೂ ಕೆಲವು ಸಾವಿರಗಳಿಂದ ಮೊದಲಾಗಿ ಲಕ್ಷದವರೆಗೆ ಏರುತ್ತದೆ. "ಯಾವುದನ್ನು ಕೊಳ್ಳಬೇಕು?" ಎಂದು ಪರಿಚಿತರು ನಮ್ಮನ್ನು ಆಗಾಗ ಕೇಳುವರು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಎಲ್ಲವೂ ತಿಳಿದಿರುವುದೆಂಬ ನಂಬಿಕೆ ಇನ್ನೂ ಪೂರ್ತಿ ಅಳಿದಿಲ್ಲವೆಂದು ತೋರುತ್ತದೆ. ನಾವು ಮರುಪ್ರಶ್ನೆ ಹಾಕುತ್ತೇವೆ: "ಏತಕ್ಕಾಗಿ? ಎಲ್ಲಿ ನಿಲ್ಲಿಸುವಿರಿ?" ಮೊದಲನೆಯದಕ್ಕೆ ಉತ್ತರ ಸಿಕ್ಕುವುದುಂಟು. ಎರಡನೆಯದಕ್ಕೆ ಎಲ್ಲರೂ ಒಂದೇ ಉತ್ತರ ಕೊಡುವರು: "ಮಾಳಿಗೆಯ ಮೇಲೆ." ತಪ್ಪು ಮೊದಲಾಗುವುದು ಅಲ್ಲಿಯೇ.

ಮಳೆಮಾಪಕವನ್ನೇ ಮೊದಲು ನೋಡೋಣ. ಇದರ ತತ್ತ್ವ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರಾಣದ ಮುಂದೆ ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇರಿಸಬೇಕೆಂದು ವಿಧಿಸುತ್ತದೆ. ಬಾಯಿಯ ವಿಸ್ತೀರ್ಣ ಗೊತ್ತಿದ್ದರೆ ಒಳಗೆ ಬಿದ್ದ ನೀರಿನಿಂದ ಮಳೆಯ ಎತ್ತರ ತಿಳಿಯುವುದು; ಇದಿಷ್ಟೇ ಸೂತ್ರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಸರಿಯಾಗಿ ಒಂದು ಲೀಟರು. ಮೂವತ್ತು ನಲವತ್ತು ಅಡಿಯ ನಿವೇಶನವನ್ನು ಪೂರ್ತಿ ಮುಚ್ಚಿದ ಮಾಳಿಗೆಯ ಮೇಲೆ ೧೦ ಮಿಲಿಮೀಟರು ಮಳೆ ಸುರಿದರೆ ೧,೧೦೦ ಲೀಟರಿಗೂ ಮೇಲ್ಪಟ್ಟು ನೀರು ಬಿದ್ದಂತಾಯಿತು. ನೀರಿನ ಟ್ಯಾಂಕರಿಗೆ ಹಣ ತೆತ್ತು ಅಭ್ಯಾಸವಾದ ಗೃಹಸ್ಥರಿಗೆ ಈ ಲೆಕ್ಕದ ಸ್ವಾರಸ್ಯ ಬೇಗ ಹತ್ತುತ್ತದೆ.

ಸಿದ್ಧ ಪೆಟ್ಟಿಗೆಗಳಲ್ಲಿರುವ ಮಾಪಕದಲ್ಲಿ ನೀರು ಶೇಖರವಾಗುವುದಿಲ್ಲ. ಆಲಿಕೆಯಿಂದ ಇಳಿದ ನೀರು ತಕ್ಕಡಿಯಂತಿರುವ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದನ್ನು ತುಂಬುವುದು. ತುಂಬಿದೊಡನೆ ಅದು ಮಗುಚಿ ಇನ್ನೊಂದು ಬಟ್ಟಲು ಮೇಲೆ ಬರುವುದು. ಪ್ರತಿ ಮಗುಚುವಿಕೆಗೂ ೦.೨ ಮಿಲಿಮೀಟರೆಂದೋ ಅದಕ್ಕೆ ಸಮೀಪದ ಬೇರೊಂದು ಪ್ರಮಾಣವೆಂದೋ ಲೆಕ್ಕ. ಜಾಣತನದ ಉಪಾಯವೇ ಸರಿ. ಆದರೆ ಇದರಲ್ಲಿ ಒಂದು ದೋಷವಿದೆ. ಅದರ ಬೆಲೆಯನ್ನು ನಮ್ಮ ಮನೆತನವೇ ತೆತ್ತಿತು.

ತಿಕೋಟಾದ ಬಳಿ ನಮ್ಮ ಕಾಕಾ ಅವರಿಗೆ ದ್ರಾಕ್ಷಿಯ ತೋಟವಿದೆ. ಅಕ್ಟೋಬರಿನಲ್ಲಿ ಕೊಂಬೆ ಸವರುವ ಕೆಲಸ, ಅಂದರೆ ಆ ಕಡೆಯವರ ಮಾತಿನ ಚಾಟ್ನಿ, ಮುಗಿದು ಹೊಸ ಚಿಗುರಿನಲ್ಲಿ ಹೂಗೊನೆ ಮೂಡುವ ಹೊತ್ತಿಗೆ ರೈತರ ನಿದ್ರೆ ಹಾರಿಹೋಗುವುದು. ಆಗ ಎಲೆ ಗೊನೆಗಳು ಕೆಲವು ಗಂಟೆಗಳ ಕಾಲ ಒದ್ದೆಯಾಗಿದ್ದರೆ ಡೌನಿ ರೋಗಕ್ಕೆ ಬಾಗಿಲು ತೆರೆದಂತೆ. ಕೂಡಲೆ ಔಷಧಿ ಸಿಂಪಡಿಸದಿದ್ದರೆ ಗೊನೆಯೇ ಕಮರಿಹೋಗುವುದು. ಅವರಿಗೆ ನೆರವಾಗಲೆಂದು ನಾವು ಒಂದು ಕೇಂದ್ರವನ್ನು ಕೊಂಡುಕೊಟ್ಟು, ನಾವೇ ಏಣಿ ಹತ್ತಿ, ಪಂಪಿನ ಮನೆಯ ಮಾಳಿಗೆಯ ಮೇಲೆ ನಿಲ್ಲಿಸಿ ಬಂದೆವು. ಮಾಳಿಗೆಯ ಮೇಲೆ ಒಂದು ಬೇವಿನ ಕೊಂಬೆ ಬಾಗಿತ್ತು. ನೆರಳಾಯಿತು, ಒಳ್ಳೆಯದೇ ಎಂದುಕೊಂಡೆವು.

ನವೆಂಬರಿನಲ್ಲಿ ಕಾಕಾ ಬೀಗರ ಮನೆಯ ಕಾರ್ಯಕ್ಕೆಂದು ಸೊಲ್ಲಾಪುರಕ್ಕೆ ಹೋಗಿ ಮೂರು ದಿನ ಅಲ್ಲಿಯೇ ಇದ್ದರು. ಎರಡನೆಯ ದಿನ ಬೆಳಿಗ್ಗೆ ತೋಟದ ಆಳು ಫೋನಿನಲ್ಲಿ "ರಾತ್ರಿ ಹನಿ ಬಿದ್ದಾವ್ರಿ" ಎಂದನಂತೆ. ಕಾಕಾ ಮೊಬೈಲು ತೆರೆದು ನೋಡಿದರು. ಮಳೆಯ ಚೌಕದಲ್ಲಿ ಸೊನ್ನೆಯಿತ್ತು. ನಾಲ್ಕು ಹನಿ ಉದುರಿರಬೇಕು, ಎಲೆಯೂ ತೊಯ್ದಿರಲಾರದು ಎಂದು ಸುಮ್ಮನಾದರು. ಮೂರನೆಯ ದಿನವೂ ಸೊನ್ನೆಯೇ. ಊರಿಗೆ ಮರಳಿದ ಮೇಲೆ ಕೆಲವೇ ದಿನಗಳಲ್ಲಿ ಎಲೆಯ ಮೇಲೆ ಎಣ್ಣೆಯ ಕಲೆಗಳಂಥ ಮಚ್ಚೆಗಳು ಕಂಡವು. ಎರಡೆಕರೆಯ ಗೊನೆ ಹೋಯಿತು. ನಾವು ಧಾವಿಸಿ ಹೋಗಿ ಮಾಳಿಗೆ ಹತ್ತಿ ಆಲಿಕೆಯೊಳಗೆ ನೋಡಿದರೆ, ಒಣಗಿದ ಬೇವಿನೆಲೆ, ಧೂಳು, ಗುಬ್ಬಿಯ ಹಿಕ್ಕೆ ಮೂರೂ ಸೇರಿ ರಂಧ್ರಕ್ಕೆ ಬಿರಟೆ ಹಾಕಿದ್ದವು. ಅದರ ಮೇಲೆ ಎರಡು ಬೆರಳಿನಷ್ಟು ನೀರು ನಿಂತಿತ್ತು.

"ಸೊನ್ನಿ ತೋರಸ್ತಿತ್ತಲ್ಲೋ ತಮ್ಮಾ, ನಾ ಅದನ್ನ ನಂಬಿದ್ನೆಪಾ" ಎಂದರು ಕಾಕಾ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನಮಗೆ ಹಗುರವಾಗುತ್ತಿತ್ತು.

ಮಳೆಯೇ ಬಾರದಿದ್ದಾಗಿನ ಸೊನ್ನೆಗೂ ಬಾಯಿ ಕಟ್ಟಿದಾಗಿನ ಸೊನ್ನೆಗೂ ಫಲಕದ ಮೇಲೆ ವ್ಯತ್ಯಾಸವಿಲ್ಲ. ಕಣ್ಣಿನಿಂದ ಕಂಡು ಹೇಳಿದ ಆಳಿನ ಮಾತಿಗಿಂತ ಹೊಳೆಯುವ ಅಂಕಿಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಓದಿದವರಲ್ಲಂತೂ ಈ ಚಟ ಇನ್ನೂ ಬಲವಾಗಿದೆ. ಆದುದರಿಂದ ನಮ್ಮ ಮೊದಲನೆಯ ಸಲಹೆ ಇದು: ಎಷ್ಟೇ ಬೆಲೆಯ ಕೇಂದ್ರವನ್ನು ಕೊಂಡರೂ ಅದರ ಪಕ್ಕದಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವ, ಕೈಯಿಂದ ಅಳೆಯುವ ಸಾದಾ ಮಳೆಮಾಪಕವೊಂದು ಇರಲೇಬೇಕು. ಎರಡರಲ್ಲಿ ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ ಈ ಎರಡನೆಯದನ್ನೇ ಕೊಳ್ಳಬೇಕು. ಅದೂ ಇಲ್ಲದವರು ನೇರವಾದ ಗೋಡೆಯುಳ್ಳ ಡಬ್ಬಿಯನ್ನು ಬಯಲಿನಲ್ಲಿಟ್ಟು, ನಿಂತ ನೀರಿನ ಎತ್ತರವನ್ನು ಅಡಿಪಟ್ಟಿಯಿಂದ ಅಳೆಯಬಹುದು, ಸುಳ್ಳೇನೂ ಆಗುವುದಿಲ್ಲ.

ಬಟ್ಟಲು ಮಗುಚುವ ಮಾಪಕವನ್ನು ಮನೆಯಲ್ಲಿಯೇ ಪರೀಕ್ಷಿಸುವ ವಿಧಾನವೊಂದುಂಟು. ಬಾಯಿಯ ವ್ಯಾಸ ೨೦ ಸೆಂಟಿಮೀಟರಿದ್ದರೆ ವಿಸ್ತೀರ್ಣ ೩೧೪ ಚದರ ಸೆಂಟಿಮೀಟರು. ೩೧೪ ಮಿಲಿಲೀಟರು ನೀರನ್ನು ಅಳೆದು, ತಳದಲ್ಲಿ ಸೂಜಿಯ ತೂತಿರುವ ಬಾಟಲಿಯಿಂದ ಒಂದು ಗಂಟೆಯ ಕಾಲ ತೊಟ್ಟಿಕ್ಕುವಂತೆ ಬಿಟ್ಟರೆ ಫಲಕವು ೧೦ ಮಿಲಿಮೀಟರು ತೋರಿಸಬೇಕು. ಒಮ್ಮೆಲೆ ಸುರಿದರೆ ಬಟ್ಟಲು ಮಗುಚುವಷ್ಟರಲ್ಲಿ ನೀರು ಪೋಲಾಗಿ ಕಡಮೆ ತೋರುವುದು. ರಭಸದ ಮಳೆಯಲ್ಲಿಯೂ ಹೀಗೆಯೇ ಆಗುವುದರಿಂದ, ಹಸ್ತಾ ಮಳೆಯ ಗುಡುಗಿನ ಸುರಿತದಲ್ಲಿ ಯಂತ್ರದ ಅಂಕಿಗಿಂತ ಕೈಮಾಪಕದ ಅಂಕಿ ಮೇಲಿರುವುದು ಸಹಜ.

ಇನ್ನು ಮಾಳಿಗೆಯ ವಿಷಯ. ಎತ್ತರದಲ್ಲಿಟ್ಟರೆ ಮಳೆ ಚೆನ್ನಾಗಿ ಸಿಕ್ಕುವುದೆಂಬುದು ಎಲ್ಲರ ಊಹೆ. ವಿಲಿಯಂ ಹೆಬರ್ಡೆನ್ ಎಂಬ ಲಂಡನ್ನಿನ ವೈದ್ಯನು ೧೭೬೬-೬೭ರಲ್ಲಿ ಈ ಊಹೆಯನ್ನು ಪರೀಕ್ಷೆಗೊಡ್ಡಿದನು. ಒಂದು ಮಾಪಕವನ್ನು ನೆಲದ ಸಮೀಪದಲ್ಲಿಯೂ, ಮತ್ತೊಂದನ್ನು ಮನೆಯ ಛಾವಣಿಯ ಮೇಲೂ, ಮೂರನೆಯದನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಗೋಪುರದ ಮೇಲೂ ಇರಿಸಿದನು. ಒಂದು ವರ್ಷದಲ್ಲಿ ಕೆಳಗಿನದಕ್ಕೆ ೨೨.೬ ಅಂಗುಲ, ಛಾವಣಿಯದಕ್ಕೆ ೧೮.೧, ಗೋಪುರದ್ದಕ್ಕೆ ಬರಿಯ ೧೨.೧ ಅಂಗುಲ ದೊರೆಯಿತು. ಮೇಲೆ ಮಳೆ ಕಡಮೆ ಬೀಳುವುದೆಂದಲ್ಲ. ಎತ್ತರದಲ್ಲಿ ಗಾಳಿ ಬಿರುಸು, ಅದು ಮಾಪಕದ ಬಾಯಿಯ ಮೇಲೆ ಸುಳಿಯಾಗಿ ಹನಿಗಳನ್ನು ಆಚೆಗೆ ಒಯ್ದುಬಿಡುವುದು. ಈ ಕಾರಣವನ್ನು ಸ್ಟಾನ್ಲಿ ಜೆವನ್ಸ್ ಸ್ಪಷ್ಟವಾಗಿ ವಿವರಿಸಿದುದು ೧೮೬೧ರಲ್ಲಿ. ೨೨.೬ ಅಂಗುಲವೆಂದರೆ ಹೆಚ್ಚುಕಡಮೆ ನಮ್ಮ ವಿಜಯಪುರದ ವರ್ಷದ ಮಳೆ. ಮಾಪಕವನ್ನು ಗೋಲಗುಮ್ಮಟದ ನೆತ್ತಿಯ ಮೇಲಿಟ್ಟು ಓದತೊಡಗಿದರೆ ನಮ್ಮ ಊರು ಕಾಗದದ ಮೇಲೆ ಅರೆ ಮರಳುಗಾಡಾದೀತು!

ಸರ್ಕಾರದ ಮಾಪಕಗಳ ಬಾಯಿ ನೆಲದಿಂದ ೩೦ ಸೆಂಟಿಮೀಟರು ಎತ್ತರದಲ್ಲಿರುವುದಕ್ಕೆ ಇದೇ ಕಾರಣ. ಸುತ್ತಣ ಮರ, ಗೋಡೆಗಳು ತಮ್ಮ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಜಲನಗರದ ನಿವೇಶನಗಳಲ್ಲಿ ಇದು ನಡೆಯುವ ಮಾತಲ್ಲ. ಕಂಪೌಂಡಿನ ಗೋಡೆ ಒಂದು ಕಡೆ, ತೆಂಗಿನ ಮರ ಇನ್ನೊಂದು ಕಡೆ, ನೆರೆಯವರ ಮೂರನೆಯ ಮಹಡಿ ಮತ್ತೊಂದು ಕಡೆ. ಹೀಗಿರುವಲ್ಲಿ ಬಡಾವಣೆಯ ಉದ್ಯಾನ, ಶಾಲೆಯ ಆಟದ ಬಯಲು ಮೊದಲಾದ ಕಡೆಗಳಲ್ಲಿ ಅನುಮತಿ ಪಡೆದು ನಾಲ್ಕಾರು ಮನೆಯವರು ಕೂಡಿ ಒಂದೇ ಕೇಂದ್ರವನ್ನಿಡುವುದು ಲೇಸು. ಅದು ಆಗದೆ ಮಾಳಿಗೆಯೇ ಗತಿಯಾದರೆ, ಅಂಚಿನ ಗೋಡೆಯ ಮೇಲೆ ಎಂದಿಗೂ ನಿಲ್ಲಿಸದೆ, ನಡುಭಾಗದಲ್ಲಿ, ನೀರಿನ ಟ್ಯಾಂಕಿನಿಂದ ದೂರವಾಗಿ, ತಗ್ಗಾಗಿ ಇಡತಕ್ಕದ್ದು.

ಉಷ್ಣತೆಯ ವಿಷಯದಲ್ಲಿ ಮಾಳಿಗೆ ಇನ್ನೂ ಕೆಟ್ಟ ಸಾಕ್ಷಿ. ಒಮ್ಮೆ ಏಪ್ರಿಲಿನ ಮಧ್ಯಾಹ್ನ ನಮ್ಮ ಫಲಕವು ೪೬ ಡಿಗ್ರಿ ತೋರಿಸಿತು. ನಾವು ಸಹೋದ್ಯೋಗಿಗಳಿಗೆಲ್ಲ ಹೆಮ್ಮೆಯಿಂದ ಸಾರಿದೆವು. ಸಂಜೆ ಪ್ರಕಟವಾದ ಊರಿನ ಅಧಿಕೃತ ಉಷ್ಣತೆ ೪೦ನ್ನು ಸ್ವಲ್ಪವೇ ದಾಟಿತ್ತು. ನಾವು ಅಳೆದದ್ದು ಗಾಳಿಯ ಉಷ್ಣತೆಯನ್ನಲ್ಲ, ಕಾದ ಕಾಂಕ್ರೀಟಿನದನ್ನು. ರಾತ್ರಿಯಲ್ಲಿಯೂ ಅದೇ ಕಾಂಕ್ರೀಟು ಹಗಲಿನ ಕಾವನ್ನು ಉಗುಳುತ್ತಿರುವುದರಿಂದ ಉಷ್ಣತೆ ಹೆಚ್ಚಾಗಿಯೂ ಆರ್ದ್ರತೆ ಕಡಮೆಯಾಗಿಯೂ ಕಾಣುವುದು. ಶೆಡ್ಡಿನಲ್ಲಿ ಒಣದ್ರಾಕ್ಷಿ ಹರವಿದವರು ಇಂಥ ಆರ್ದ್ರತೆಯ ಅಂಕಿಯನ್ನು ನಂಬಿ ಪಕ್ಕದ ಪರದೆಗಳನ್ನು ತೆರೆದಿಟ್ಟು ಮಲಗಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರವನ್ನು ಹೇಳಿಕೊಟ್ಟವರು ಥಾಮಸ್ ಸ್ಟೀವನ್ಸನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರು. ಪ್ರಸಿದ್ಧ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ನರ ತಂದೆ. ಎರಡು ಪದರದ ಓರೆಪಟ್ಟಿಗಳ ಗೋಡೆಯುಳ್ಳ, ಬಿಳಿ ಬಣ್ಣ ಬಳಿದ, ಬಿಸಿಲು ಹೊಗದೆ ಗಾಳಿ ಆಡುವ ಆ ಮರದ ಪೆಟ್ಟಿಗೆಯನ್ನು ವೀಕ್ಷಣಾಲಯಗಳ ಅಂಗಳದಲ್ಲಿ ಶ್ರೋತೃಗಳು ನೋಡಿರಬಹುದು. ನಮ್ಮ ಅರ್ಧಗೋಳದಲ್ಲಿ ಅದರ ಬಾಗಿಲು ಉತ್ತರಕ್ಕೇ ಇರುವುದು, ತೆರೆದಾಗ ಬಿಸಿಲು ಒಳಗೆ ಬೀಳದಿರಲೆಂದು. ಸಿದ್ಧ ಕೇಂದ್ರಗಳಲ್ಲಿ ಇದರ ಬದಲು ಬಿಳಿಯ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿರುವರು. ಕೊಳ್ಳುವಾಗ ನೋಡಬೇಕಾದುದು ಈ ತಟ್ಟೆಗಳನ್ನು, ಫಲಕದ ಬಣ್ಣವನ್ನಲ್ಲ. ತಟ್ಟೆಗಳು ಕೆಲವೇ ಇದ್ದು ಚಿಕ್ಕವಾಗಿದ್ದರೆ ನಮ್ಮ ಬಿಸಿಲಿಗೆ ಅವು ಸಾಲವು. ಒಳಗೆ ಸಣ್ಣ ಫ್ಯಾನಿರುವ ಮಾದರಿಗಳೂ ಉಂಟು. ಗಾಳಿಯಾಡದ ಏಪ್ರಿಲಿನ ನಡುಹಗಲಿಗೆ ಅವೇ ಮೇಲು. ಮಣ್ಣಿನ ಅಥವಾ ಹುಲ್ಲಿನ ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ನಿಲ್ಲಿಸುವುದು ಕ್ರಮ.

ವಾಯುಭಾರಮಾಪಕವನ್ನು ಮನೆಯೊಳಗೇ ಇಡಬಹುದಾದುದರಿಂದ ಅದರಲ್ಲಿ ಸ್ಥಳದ ತೊಡಕಿಲ್ಲ. ಆದರೆ ಬೇರೊಂದು ತೊಡಕಿದೆ. ವಿಜಯಪುರವು ಸಮುದ್ರಮಟ್ಟಕ್ಕಿಂತ ಸುಮಾರು ೬೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ವಾಯುಭಾರವು ಮುಂಬಯಿಯದಕ್ಕಿಂತ ೬೫ರಿಂದ ೭೦ ಮಿಲಿಬಾರಿನಷ್ಟು ಕಡಮೆ. ಈ ಎತ್ತರವನ್ನು ಯಂತ್ರಕ್ಕೆ ತಿಳಿಸದಿದ್ದರೆ ಅದು ವರ್ಷಪೂರ್ತಿ ಚಂಡಮಾರುತವನ್ನೇ ನಿರೀಕ್ಷಿಸುತ್ತಿರುವುದು. ತಿಳಿಸಿದ ಮೇಲೂ ಫಲಕದ ಮೇಲೆ ಮೂಡುವ ಮೋಡದ ಚಿತ್ರವನ್ನು ನೆಚ್ಚಬಾರದು. ನಮ್ಮ ಉಷ್ಣವಲಯದಲ್ಲಿ ವಾಯುಭಾರವು ದಿನಕ್ಕೆ ಎರಡು ಸಲ ಸಮುದ್ರದ ಉಬ್ಬರದಂತೆ ಏರಿಳಿಯುವುದು. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಮೂರು ನಾಲ್ಕು ಮಿಲಿಬಾರಿನಷ್ಟು ಇಳಿಯುವುದು. ಶೀತದೇಶಗಳ ಅನುಭವದ ಮೇಲೆ ರಚಿಸಿದ ಯಂತ್ರವು ಇದನ್ನು ಮಳೆಯ ಸೂಚನೆಯೆಂದು ಬಗೆದು, ನೀಲಿ ಆಕಾಶದ ಕೆಳಗೆ ದಿನವೂ ಮಧ್ಯಾಹ್ನ ಮೋಡವನ್ನು ತೋರಿಸುವುದು. ನಮ್ಮ ಮನೆಯವರು ಹಪ್ಪಳ ಒಣಗಿಸುವ ಕಾಲದಲ್ಲಿ ಈ ಚಿತ್ರಕ್ಕೆ ಬಟ್ಟೆಯ ತುಂಡನ್ನು ಅಂಟಿಸಿಬಿಟ್ಟಿದ್ದಾರೆ.

ಗಾಳಿಯ ಅಳತೆಗೆ ಹೆಚ್ಚು ಮಾತು ಬೇಡ. ಶಾಸ್ತ್ರದ ಪ್ರಕಾರ ಬಯಲಿನಲ್ಲಿ ೧೦ ಮೀಟರಿನ ಕಂಬ ಬೇಕು. ಅದು ಮನೆಗಳಲ್ಲಿ ದುರ್ಲಭ. ಅಂಕಿಯನ್ನು ಇಂದಿಗೂ ನಿನ್ನೆಗೂ ಹೋಲಿಸಲು ಮಾತ್ರ ಬಳಸಬಹುದು. ದಿಕ್ಕು ತೋರಿಸುವ ಬಾಲವನ್ನು ನಿಜವಾದ ಉತ್ತರಕ್ಕೆ ಹೊಂದಿಸಲು ಮರೆಯದಿದ್ದರೆ ಸಾಕು.

ವಿದೇಶದಲ್ಲಿರುವ ಮಕ್ಕಳ ಕೈಯಲ್ಲಿ ಯಂತ್ರ ತರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಹೊರಗಿನ ಘಟಕವು ಒಳಗಿನ ಫಲಕಕ್ಕೆ ಸುದ್ದಿ ಮುಟ್ಟಿಸುವುದು ರೇಡಿಯೋ ಅಲೆಗಳ ಮೂಲಕ. ಅಮೆರಿಕದಲ್ಲಿ ಮಾರುವ ಮಾದರಿಗಳು ೯೧೫ ಮೆಗಾಹರ್ಟ್ಸ್ ಸುತ್ತಿನವು. ನಮ್ಮ ದೇಶದಲ್ಲಿ ಆ ಸುತ್ತು ಮೊಬೈಲಿಗೆ ಮೀಸಲು. ಇಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದುದು ೮೬೫ರಿಂದ ೮೬೮. ಡೇವಿಸ್ ಆಗಲಿ, ಇಕೋವಿಟ್ ಆಗಲಿ, ಬೇರೆ ಯಾವುದೇ ಆಗಲಿ, ಹೆಸರಿಗಿಂತ ಮೊದಲು ಈ ಸಂಖ್ಯೆಯನ್ನು ಕೇಳಬೇಕು. ಎರಡನೆಯದಾಗಿ, ಬಿಡಿಭಾಗಗಳು ದೊರೆಯುವವೇ ಎಂದು ಕೇಳಬೇಕು. ನಮ್ಮ ಬಿಸಿಲಿಗೆ ಅಗ್ಗದ ಪ್ಲಾಸ್ಟಿಕ್ಕು ಬಹಳ ಕಾಲ ಬಾಳುವುದಿಲ್ಲ. ಮತ್ತೊಂದು ಮಾತು: ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರವು ಗೊತ್ತುಪಡಿಸಿದ ಕೇಂದ್ರದ ಅಂಕಿಯಿಂದಲೇ ನಿರ್ಧಾರವಾಗುವುದು. ಮನೆಯ ಕೇಂದ್ರದಿಂದ ವಿಮೆಯ ಹಣ ಬರುವುದೆಂದು ಯಾರೂ ಭ್ರಮಿಸಬಾರದು. ಅದು ನಮ್ಮ ನಿತ್ಯದ ನಿರ್ಧಾರಗಳಿಗಾಗಿ.

ಕೊನೆಯದಾಗಿ ಲೆಕ್ಕದ ಪುಸ್ತಕ. ದಿನವೂ ಬೆಳಿಗ್ಗೆ ಎಂಟೂವರೆಗೆ ಓದುವುದು ಹವಾಮಾನ ಇಲಾಖೆಯ ಪದ್ಧತಿ. ನಾವೂ ಅದನ್ನೇ ಹಿಡಿದರೆ ನಮ್ಮ ಅಂಕಿಯನ್ನು ಅವರದರೊಡನೆ ಹೋಲಿಸಬಹುದು. ೨.೫ ಮಿಲಿಮೀಟರಿಗೆ ಕಡಮೆಯಿಲ್ಲದ ದಿನವನ್ನು ಮಾತ್ರ ಅವರು ಮಳೆಯ ದಿನವೆಂದು ಎಣಿಸುವರು. ನಮ್ಮ ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲಿ ಮಳೆಯ ನಕ್ಷತ್ರವನ್ನೂ ಬರೆಯುತ್ತೇವೆ. ನಗುವವರು ನಗಲಿ. ಬಿಳಿಜೋಳ ಬಿತ್ತುವವನಿಗೆ ಸೆಪ್ಟೆಂಬರಿನಲ್ಲಿ ಎಷ್ಟು ಬಿತ್ತೆಂಬುದಕ್ಕಿಂತ ಉತ್ತರೆಯಲ್ಲಿ ಎಷ್ಟು, ಹಸ್ತದಲ್ಲಿ ಎಷ್ಟು ಎಂಬುದೇ ಅರ್ಥವಾಗುವ ಭಾಷೆ. ಪುಸ್ತಕದ ಮೊದಲನೆಯ ಪುಟದಲ್ಲಿ ಮಾಪಕ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಸುತ್ತ ಏನಿದೆ ಎಂಬುದನ್ನೂ, ಸ್ಥಳ ಬದಲಿಸಿದರೆ ಆ ದಿನಾಂಕವನ್ನೂ ಬರೆದಿಡಬೇಕು. ಇದಿಲ್ಲದ ಹತ್ತು ವರ್ಷದ ಅಂಕಿಗಳು ವಿಳಾಸವಿಲ್ಲದ ಕಾಗದಗಳಂತೆ.

ತಿಕೋಟಾದ ಕೇಂದ್ರವು ಈಗ ಪಂಪಿನ ಮನೆಯ ಮೇಲಿಲ್ಲ. ದ್ರಾಕ್ಷಿಯ ಸಾಲುಗಳಾಚೆಯ ಬಯಲಿನಲ್ಲಿ, ಎದೆಯೆತ್ತರದ ಕಂಬದ ಮೇಲೆ ನಿಂತಿದೆ. ಹತ್ತು ಹೆಜ್ಜೆ ದೂರದಲ್ಲಿ, ನೆಲಕ್ಕೆ ಸಮೀಪವಾಗಿ, ಕೈಮಾಪಕವಿದೆ. ಮಳೆ ಬಂದ ಮರುದಿನ ಎಂಟೂವರೆಗೆ ಕಾಕಾ ಅವರ ಫೋನು ಬರುವುದು. ಮೊದಲು ಕೈಮಾಪಕದ ಅಂಕಿ ಹೇಳುವರು, ಆಮೇಲೆ ಮೊಬೈಲಿನದು. ಎರಡರ ನಡುವೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಅಂತರ ಕಂಡರೆ, ನಾವು ಏನೂ ಹೇಳುವ ಮೊದಲೇ ಫೋನನ್ನು ಕೆಳಗಿಟ್ಟು ಆಲಿಕೆಯನ್ನು ತೊಳೆಯಲು ಹೋಗುವರು.